ಬುತ್ತಿ ಕಟ್ಟಿಕೊಂಡ ಸ್ಕೀಮ್: ಒಂದು ಪುಟ್ಟ ಭಾಷೆ ಸ್ವಂತ ಕಾಲ ಮೇಲೆ ನಿಂತ ಕಥೆ

(ಈ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಸ್ಕೀಮ್. ಸ್ಕೀಮ್ ಅಂದ ತಕ್ಷಣ ನಿಮಗೆ ಗ್ಯಾರಂಟಿ ಸ್ಕೀಮು, ಚಿನ್ನದ ಚೀಟಿ ಸ್ಕೀಮು ನೆನಪಾದರೆ ಅದು ನಿಮ್ಮ ತಪ್ಪಲ್ಲ. ಆದರೆ ಇದು ಬೇರೆ. ಇದು ಒಂದು ಪ್ರೋಗ್ರಾಮಿಂಗ್ ಭಾಷೆಯ ಹೆಸರು. ವಯಸ್ಸು ಐವತ್ತು ದಾಟಿದೆ. ಸೈಜು ಮಾತ್ರ ತೀರಾ ಚಿಕ್ಕದು.

ಈ ಭಾಷೆಯ ಪೂರ್ತಿ ಇತಿಹಾಸ ಹೇಳೋಕೆ ಹೋದರೆ ಸಂಚಿಕೆ ಮುಗಿಯಲ್ಲ. ಹಾಗಾಗಿ ಒಂದೇ ಒಂದು ಪ್ರಶ್ನೆ ಹಿಡಿದುಕೊಂಡು ಹೋಗೋಣ: ಸ್ಕೀಮ್‌ನಲ್ಲಿ ಬರೆದ ಪ್ರೋಗ್ರಾಮನ್ನು, ಸ್ಕೀಮ್ ಅಂದ್ರೆ ಏನು ಅಂತಲೇ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು, "ಒತ್ತಿ, ನಡೆಯುತ್ತೆ" ಅಂತ ಹೇಳೋಕೆ ಆಗುತ್ತಾ?

ಬುತ್ತಿನೋ, ಅಡುಗೆಯವರೋ?

ಮೊದಲು ಸಮಸ್ಯೆ ಏನು ಅಂತ ನೋಡೋಣ. ನೀವೊಂದು ಪ್ರೋಗ್ರಾಮ್ ಬರೀತೀರಿ. ಅದು ಬರೀ ಅಕ್ಷರಗಳಿರೋ ಫೈಲು. ಕಂಪ್ಯೂಟರ್‌ನ ಪ್ರೊಸೆಸರ್‌ಗೆ ಈ ಅಕ್ಷರ ಅರ್ಥ ಆಗಲ್ಲ, ಅದಕ್ಕೆ ಗೊತ್ತಿರೋದು ಮಷೀನ್ ಕೋಡ್ ಮಾತ್ರ. ನಡುವೆ ಯಾರೋ ಒಬ್ಬರು ಅನುವಾದ ಮಾಡಬೇಕು. ಅದಕ್ಕೆ ಎರಡು ದಾರಿ.

ಒಂದು, ಇಂಟರ್‌ಪ್ರಿಟರ್. ಪ್ರೋಗ್ರಾಮ್ ನಡೆಯುವಾಗಲೇ ಪಕ್ಕದಲ್ಲಿ ಕೂತು, ಒಂದೊಂದೇ ಸಾಲು ಓದಿ, ಅದರಂತೆ ಕೆಲಸ ಮಾಡಿಸೋ ಪ್ರೋಗ್ರಾಮ್ ಇದು. ಅಂದ್ರೆ ಟೂರ್‌ಗೆ ಹೋಗುವಾಗ ಅಡುಗೆಯವರನ್ನೂ ಪಾತ್ರೆಪಗಡೆಯನ್ನೂ ಜೊತೆಗೇ ಕರೆದುಕೊಂಡು ಹೋದ ಹಾಗೆ. ಎರಡು, ಕಂಪೈಲರ್. ಮೊದಲೇ ಪೂರ್ತಿ ಅನುವಾದ ಮಾಡಿ ಇಟ್ಟುಬಿಡುತ್ತೆ. ಮನೇಲೇ ಅಡುಗೆ ಮಾಡಿ, ರೊಟ್ಟಿ, ಪಲ್ಯ, ಚಟ್ನಿಪುಡಿ ಎಲ್ಲಾ ಸೇರಿಸಿ ಬುತ್ತಿ ಕಟ್ಟಿದ ಹಾಗೆ. ಗಂಟು ಬಿಚ್ಚು, ಊಟ ಮಾಡು.

ಈ ಬುತ್ತಿಗೆ ತಾಂತ್ರಿಕ ಭಾಷೆಯಲ್ಲಿ ಸ್ಟ್ಯಾಂಡ್‌ಅಲೋನ್ ಎಕ್ಸಿಕ್ಯೂಟಬಲ್ ಅಂತಾರೆ. ಬೇರೆ ಏನನ್ನೂ ಇನ್‌ಸ್ಟಾಲ್ ಮಾಡದೆ ತನ್ನಷ್ಟಕ್ಕೆ ತಾನೇ ನಡೆಯೋ ಫೈಲ್. "ಮೊದಲು ಇದನ್ನ ಇನ್‌ಸ್ಟಾಲ್ ಮಾಡಿ, ಆಮೇಲೆ ಅದರ ಇಂತಿಂಥ ವರ್ಷನ್ ಹಾಕಿ" ಅಂತ ಹೇಳಿದ ಕ್ಷಣಕ್ಕೆ ಅರ್ಧ ಜನ ಕೈಬಿಡ್ತಾರೆ. ಹಾಗಾಗಿ ಇದು ಬರೀ ಅನುಕೂಲದ ಮಾತಲ್ಲ. ನಿಮ್ಮ ಕೆಲಸ ಯಾರನ್ನ ತಲುಪುತ್ತೆ, ಯಾರನ್ನ ತಲುಪಲ್ಲ ಅನ್ನೋದು ಇಲ್ಲೇ ತೀರ್ಮಾನ ಆಗುತ್ತೆ.

ಆರು ಅಕ್ಷರದ ಹೆಸರು

ಈಗ 1975ಕ್ಕೆ ಹೋಗೋಣ. ಅಮೆರಿಕದ ಎಂಐಟಿ, ಅಲ್ಲಿನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯ. ಜೆರಾಲ್ಡ್ ಸಸ್‌ಮನ್ ಅನ್ನೋ ಪ್ರಾಧ್ಯಾಪಕರು, ಗೈ ಸ್ಟೀಲ್ ಅನ್ನೋ ಎಳೆಯ ವಿದ್ಯಾರ್ಥಿ. ಅದೇ ಸಂಸ್ಥೆಯ ಕಾರ್ಲ್ ಹೆವಿಟ್ ಆಗ "ಆ್ಯಕ್ಟರ್" ಅನ್ನೋ ಹೊಸ ಕಲ್ಪನೆ ಮುಂದಿಟ್ಟಿದ್ದರು. ಒಬ್ಬರಿಗೊಬ್ಬರು ಸಂದೇಶ ಕಳಿಸಿಕೊಳ್ಳೋ ಪುಟ್ಟ ಪುಟ್ಟ ಘಟಕಗಳಿಂದ ಇಡೀ ಪ್ರೋಗ್ರಾಮ್ ಕಟ್ಟೋ ಕಲ್ಪನೆ ಅದು. ಅದನ್ನ ಅರ್ಥ ಮಾಡಿಕೊಳ್ಳೋಣ ಅಂತ ಇವರಿಬ್ಬರು ಲಿಸ್ಪ್ ಭಾಷೆಯಲ್ಲಿ ಒಂದು ಚಿಕ್ಕ ಇಂಟರ್‌ಪ್ರಿಟರ್ ಬರೆದರು. ಅದರಲ್ಲಿ ಮಾಮೂಲಿ ಫಂಕ್ಷನ್‌ಗೆ ಒಂದು ದಾರಿ, ಆ್ಯಕ್ಟರ್‌ಗೆ ಇನ್ನೊಂದು ದಾರಿ ಇಟ್ಟರು. ಕೆಲಸ ಮುಗಿದ ಮೇಲೆ ನೋಡಿದರೆ ಎರಡೂ ದಾರಿಯ ಕೋಡ್ ಹೆಚ್ಚೂಕಡಿಮೆ ಒಂದೇ! ಬೇರೆ ಬೇರೆ ಅಂದುಕೊಂಡಿದ್ದ ಎರಡು ವಿಷಯ ಒಳಗಡೆ ಒಂದೇ ಆಗಿತ್ತು.

ಅಲ್ಲಿಂದ ಹುಟ್ಟಿದ್ದೇ ಈ ಭಾಷೆ. ಹೆಸರಿನ ಹಿಂದೆಯೂ ಒಂದು ತಮಾಷೆ ಇದೆ. ಅದಕ್ಕೂ ಮುಂಚೆ ಪ್ಲಾನರ್, ಕಾನೈವರ್ ಅನ್ನೋ ಭಾಷೆಗಳು ಬಂದಿದ್ದವು. ಯೋಜನೆ ಹಾಕುವವನು, ಸಂಚು ಹೂಡುವವನು ಅಂತ ಅರ್ಥ. ಅದೇ ಸಾಲಿಗೆ ಇವರು "ಸ್ಕೀಮರ್" ಅಂತ ಹೆಸರಿಟ್ಟರು. ಆದರೆ ಅಲ್ಲಿನ ಕಂಪ್ಯೂಟರ್‌ನ ಐಟಿಎಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಫೈಲ್ ಹೆಸರಿಗೆ ಕೊಡ್ತಿದ್ದಿದ್ದು ಆರೇ ಇಂಗ್ಲಿಷ್ ಅಕ್ಷರ. ಕೊನೆಯ ಅಕ್ಷರ ಕತ್ತರಿಸಿ ಹೋಯಿತು. ಉಳಿದಿದ್ದು ಸ್ಕೀಮ್. 1975ರ ಡಿಸೆಂಬರ್‌ನಲ್ಲಿ ಮೊದಲ ವರದಿ ಬಂತು. ಅದರ ಹೆಸರಲ್ಲೇ ಇತ್ತು: ಇದೊಂದು ಇಂಟರ್‌ಪ್ರಿಟರ್. ಅಂದ್ರೆ ಹುಟ್ಟುವಾಗ ಸ್ಕೀಮ್ ಹತ್ತಿರ ಬುತ್ತಿ ಇರಲಿಲ್ಲ, ಅಡುಗೆಯವರನ್ನೇ ನಂಬಿಕೊಂಡಿತ್ತು.

"ಚೆನ್ನಾಗಿದೆ, ಆದ್ರೆ ನಿಧಾನ"

ಆಗಿನ ಕಾಲದ ಒಂದು ನಂಬಿಕೆ ಹೇಳ್ತೀನಿ ಕೇಳಿ. ಪ್ರೋಗ್ರಾಮ್‌ನಲ್ಲಿ ಒಂದು ಫಂಕ್ಷನ್ ಇನ್ನೊಂದನ್ನ ಕರೆಯೋದು ದುಬಾರಿ, ಸುಮ್ಮನೆ "ಅಲ್ಲಿಗೆ ಹಾರು" ಅನ್ನೋ ಗೋಟೂ ಅಗ್ಗ ಅಂತ ಬಹಳ ಜನ ನಂಬಿದ್ದರು. ಸ್ಕೀಮ್‌ನಲ್ಲಿ ಎಲ್ಲವೂ ಫಂಕ್ಷನ್ ಕರೆಯೇ. ಹಾಗಾದ್ರೆ ಈ ಭಾಷೆ ಪಾಠ ಹೇಳೋಕೆ ಸರಿ, ನಿಜವಾದ ಕೆಲಸಕ್ಕೆ ಬರಲ್ಲ ಅಂತಾಯ್ತಲ್ಲ?

1977ರಲ್ಲಿ ಸ್ಟೀಲ್ ಒಂದು ಪ್ರಬಂಧ ಬರೆದು ಈ ನಂಬಿಕೆಗೇ ಕೈ ಹಾಕಿದರು. ದುಬಾರಿ ಆಗಿರೋದು ಕರೆಯಲ್ಲ, ಅದನ್ನ ಕೆಟ್ಟದಾಗಿ ಅನುವಾದ ಮಾಡ್ತಿರೋ ಕಂಪೈಲರ್‌ಗಳು ಅನ್ನೋದು ಅವರ ವಾದ.

ಇದನ್ನ ನಮ್ಮ ಸರ್ಕಾರಿ ಕಚೇರಿಯ ಕಡತದ ಉದಾಹರಣೆಯಲ್ಲಿ ನೋಡೋಣ. ಗುಮಾಸ್ತರು ಕಡತವನ್ನ ಮೇಲಿನವರಿಗೆ ಕಳಿಸ್ತಾರೆ, ಅವರು ಸಹಿ ಹಾಕಿ ವಾಪಸ್ ಕಳಿಸ್ತಾರೆ, ಆಮೇಲೆ ಗುಮಾಸ್ತರು ಇನ್ನೇನೋ ಬರೀಬೇಕು. ಇಲ್ಲಿ ಕಡತ ವಾಪಸ್ ಬರೋವರೆಗೂ ಗುಮಾಸ್ತರ ಮೇಜಿನ ಮೇಲೆ ಒಂದು ಚೀಟಿ ಉಳಿದಿರಬೇಕು, "ಬಂದ ಮೇಲೆ ಇದನ್ನ ಮಾಡಬೇಕು" ಅಂತ. ಕಂಪ್ಯೂಟರ್‌ನಲ್ಲಿ ಈ ಚೀಟಿಗಳ ರಾಶಿಗೆ ಸ್ಟ್ಯಾಕ್ ಅಂತ ಹೆಸರು. ಆದರೆ ಮೇಲಿನವರಿಗೆ ಕಳಿಸೋದೇ ಗುಮಾಸ್ತರ ಕೊನೆಯ ಕೆಲಸ ಆಗಿದ್ರೆ? ಆಮೇಲೆ ಅವರಿಗೆ ಮಾಡೋಕೆ ಏನೂ ಇಲ್ಲ. ಆಗ ಕಡತ ಅವರ ಹತ್ತಿರ ವಾಪಸ್ ಬರೋದೇ ಬೇಡ, ಚೀಟಿಯೂ ಬೇಡ. ಇದಕ್ಕೆ ಟೇಲ್ ಕಾಲ್ ಅಂತಾರೆ. ಚೀಟಿ ಇಲ್ಲದ ಕರೆ ಅಂದ್ರೆ ಬರೀ ಹಾರೋದು, ಗೋಟೂ ಅಷ್ಟೇ ಅಗ್ಗ. ಸ್ಕೀಮ್ ಇದನ್ನ ತನ್ನ ನಿಯಮವನ್ನಾಗಿ ಮಾಡಿಕೊಂಡಿತು. ಸ್ಕೀಮ್‌ನಲ್ಲಿ ಲೂಪ್ ಅಂದ್ರೂ ಒಳಗೆ ಫಂಕ್ಷನ್ ತನ್ನನ್ನ ತಾನೇ ಕೊನೆಯಲ್ಲಿ ಕರೆದುಕೊಳ್ಳೋದೇ. ಹತ್ತು ಲಕ್ಷ ಸಲ ಕರೆದ್ರೂ ಚೀಟಿ ರಾಶಿ ಒಂದಿಂಚೂ ಬೆಳೆಯಬಾರದು.

ಬಾಯಲ್ಲಿ ಹೇಳಿದರೆ ಸಾಕಾ? ಮಾಡಿ ತೋರಿಸಬೇಕಲ್ಲ. 1978ರಲ್ಲಿ ಸ್ಟೀಲ್ ತಮ್ಮ ಮಾಸ್ಟರ್ಸ್ ಪ್ರಬಂಧವಾಗಿ ಒಂದು ಕಂಪೈಲರ್ ಕೊಟ್ಟರು. ಹೆಸರು ರ‍್ಯಾಬಿಟ್, ಅಂದ್ರೆ ಮೊಲ. ಅದನ್ನ ಬರೆದಿದ್ದೂ ಸ್ಕೀಮ್‌ನಲ್ಲೇ. ಭಾಷೆಯ ತಿರುಳು ಬೆರಳೆಣಿಕೆಯಷ್ಟು ಕಲ್ಪನೆಗಳು ಮಾತ್ರ, ಲೂಪು, ಗೋಟೂ, ಷರತ್ತು ಎಲ್ಲವನ್ನೂ ಆ ತಿರುಳಿಗೇ ಇಳಿಸಿ, ಆಮೇಲೆ ಅದೊಂದನ್ನೇ ಚೆನ್ನಾಗಿ ಅನುವಾದ ಮಾಡಿದರಾಯ್ತು ಅನ್ನೋದು ಅದರ ಉಪಾಯ. ಹಾಗಂತ ಮೊಲವೂ ನೇರವಾಗಿ ಮಷೀನ್ ಕೋಡ್ ಕೊಡುತ್ತಿರಲಿಲ್ಲ. ಮ್ಯಾಕ್‌ಲಿಸ್ಪ್ ಅನ್ನೋ ಇನ್ನೊಂದು ಲಿಸ್ಪ್‌ಗೆ ಅನುವಾದಿಸ್ತಿತ್ತು, ಉಳಿದಿದ್ದನ್ನ ಅದರ ಕಂಪೈಲರ್ ನೋಡಿಕೊಳ್ಳುತ್ತಿತ್ತು. ಅರ್ಧ ಬುತ್ತಿ ಅನ್ನಿ. ಆದರೂ "ಇಂಥ ಭಾಷೆ ವೇಗವಾಗಿ ಓಡಲ್ಲ" ಅನ್ನೋ ಮಾತಿನ ಬುಡ ಅಲ್ಲೇ ಅಲ್ಲಾಡಿತು. 1986ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ ಆರ್ಬಿಟ್ ಅನ್ನೋ ಕಂಪೈಲರ್ ಹೊರತಂದಾಗ ಆ ಮಾತಿಗೆ ಇನ್ನಷ್ಟು ಪೆಟ್ಟು ಬಿತ್ತು.

ಸಿ ಅನ್ನೋ ಹೆದ್ದಾರಿ

ಇನ್ನೊಂದು ತೊಡಕು ನೋಡಿ. ಕಂಪ್ಯೂಟರ್ ಒಂದೇ ಥರ ಇರಲ್ಲ. ಒಂದೊಂದು ಕಂಪನಿಯ ಪ್ರೊಸೆಸರ್‌ಗೆ ಒಂದೊಂದು ಮಷೀನ್ ಕೋಡ್. ಪ್ರತಿಯೊಂದಕ್ಕೂ ಬೇರೆ ಬೇರೆ ಕಂಪೈಲರ್ ಬರೀತಾ ಕೂತರೆ ಆಯಸ್ಸೇ ಸಾಲಲ್ಲ. ಆದರೆ 80ರ ದಶಕದ ಕೊನೆ ಹೊತ್ತಿಗೆ ಒಂದು ಭಾಷೆಯ ಕಂಪೈಲರ್ ಹೆಚ್ಚೂಕಡಿಮೆ ಎಲ್ಲಾ ಕಡೆ ಸಿಗ್ತಿತ್ತು. ಅದು ಸಿ. ಹಾಗಾದ್ರೆ ಸ್ಕೀಮನ್ನ ಸಿ ಭಾಷೆಗೆ ಅನುವಾದ ಮಾಡಿಬಿಟ್ಟರೆ? ಅಲ್ಲಿಂದ ಮುಂದಿನ ದಾರಿ ತಾನಾಗೇ ತೆರೆಯುತ್ತೆ.

1989ರಲ್ಲಿ ಡಿಇಸಿ ಕಂಪನಿಯ ಪ್ರಯೋಗಾಲಯದಲ್ಲಿ ಜೋಯೆಲ್ ಬಾರ್ಟ್ಲೆಟ್ ಇದನ್ನೇ ಮಾಡಿದರು, ಹೆಸರೂ ನೇರ: "ಸ್ಕೀಮ್‌ನಿಂದ ಸಿ". ಫ್ರಾನ್ಸ್‌ನಲ್ಲಿ ಮ್ಯಾನುಯೆಲ್ ಸೆರಾನೊ ಅವರ ಬಿಗ್ಲೂ, ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾರ್ಕ್ ಫೀಲಿ ಅವರ ಗ್ಯಾಂಬಿಟ್ ಕೂಡ ಇದೇ ಹೆದ್ದಾರಿ ಹಿಡಿದವು.

ಆದ್ರೆ ಹೆದ್ದಾರಿಯಲ್ಲಿ ಒಂದು ದೊಡ್ಡ ಹಂಪ್ ಇತ್ತು. ನೆನಪಿದೆಯಾ, ಚೀಟಿ ಇಲ್ಲದ ಕರೆ? ಸ್ಕೀಮ್‌ಗೆ ಅದು ನಿಯಮ. ಸಿ ಭಾಷೆ ಮಾತ್ರ ಆ ಭರವಸೆ ಕೊಡಲ್ಲ. ಕೊನೆಯ ಕರೆಗೂ ಚೀಟಿ ಇಟ್ಟುಕೊಂಡೇ ಕೂತಿರಬಹುದು. ಸ್ಕೀಮ್‌ನ ಹತ್ತು ಲಕ್ಷ ಸುತ್ತಿನ ಲೂಪನ್ನ ಹಾಗ್‌ಹಾಗೇ ಸಿ ಮಾಡಿದರೆ ಹತ್ತು ಲಕ್ಷ ಚೀಟಿ ಮೇಜಿನ ಮೇಲೆ ಬಿದ್ದು ಪ್ರೋಗ್ರಾಮ್ ಕುಸಿಯುತ್ತೆ.

ಇದಕ್ಕೆ ಒಂದು ಪರಿಹಾರ ಟ್ರ್ಯಾಂಪೊಲೀನ್. ಮಕ್ಕಳು ಕುಣಿಯೋ ಆ ಜಾಲರಿ ಇದೆಯಲ್ಲ, ಅದೇ ಹೆಸರು. ಒಂದು ಫಂಕ್ಷನ್ ಇನ್ನೊಂದನ್ನ ತಾನೇ ಕರೆಯೋ ಬದಲು, "ಮುಂದೆ ಇವರನ್ನ ಕರೀರಿ" ಅಂತ ವಿಳಾಸ ಕೊಟ್ಟು ಕೆಳಗಿರೋ ಒಂದು ಲೂಪ್‌ಗೆ ವಾಪಸ್ ಬರುತ್ತೆ. ಆ ಲೂಪ್ ಮುಂದಿನದನ್ನ ಮೇಲಕ್ಕೆ ಚಿಮ್ಮಿಸುತ್ತೆ. ಚೀಟಿ ರಾಶಿ ಬೆಳೆಯಲ್ಲ, ಆದರೆ ಪ್ರತಿ ಸಲ ಕೆಳಗೆ ಬಂದು ಹೋಗೋ ಖರ್ಚು ಇದ್ದೇ ಇದೆ. ಆ ಖರ್ಚನ್ನ ಹೇಗೆ ಕಡಿಮೆ ಮಾಡೋದು ಅಂತ 1997ರಲ್ಲಿ ಫೀಲಿ ಮತ್ತು ಜೊತೆಗಾರರು ಒಂದು ಪ್ರಬಂಧವನ್ನೇ ಬರೆದರು.

ಇನ್ನೊಂದು ಪರಿಹಾರ ಇದೆಯಲ್ಲ, ಅದು ನನಗೆ ಬಹಳ ಇಷ್ಟ. ಅದರ ಹಿಂದೆ ಒಂದು ಹಾಡಿದೆ. 1949ರಲ್ಲಿ ಬಾಸ್ಟನ್ ನಗರದ ಮೇಯರ್ ಚುನಾವಣೆಗೆ ವಾಲ್ಟರ್ ಓಬ್ರಿಯನ್ ಅನ್ನೋ ಅಭ್ಯರ್ಥಿ ನಿಂತಿದ್ದರು. ಅವರ ಪ್ರಚಾರಕ್ಕೆ ಬರೆದ ಹಾಡೊಂದರಲ್ಲಿ ಚಾರ್ಲಿ ಅನ್ನೋ ಪ್ರಯಾಣಿಕ ಸಬ್‌ವೇ ರೈಲು ಹತ್ತುತ್ತಾನೆ. ಟಿಕೆಟ್ ದರ ಏರಿಸಿದ್ದಾರೆ, ಇಳಿಯೋಕೂ ಕಾಸು ಕೊಡಬೇಕು. ಅವನ ಜೇಬಲ್ಲಿ ಅಷ್ಟಿಲ್ಲ. ಪಾಪ, ರೈಲಲ್ಲೇ ಸುತ್ತುತ್ತಾ ಇರ್ತಾನೆ, ಮನೆಗೆ ವಾಪಸ್ ಬರೋದೇ ಇಲ್ಲ.

90ರ ದಶಕದ ಮಧ್ಯದಲ್ಲಿ ಹೆನ್ರಿ ಬೇಕರ್ ಅನ್ನೋ ಕಂಪ್ಯೂಟರ್ ವಿಜ್ಞಾನಿ ಈ ವಾಪಸ್ ಬಾರದ ಪ್ರಯಾಣಿಕನನ್ನೇ ತಂತ್ರ ಮಾಡಿಕೊಂಡರು. ಸಿ ಫಂಕ್ಷನ್‌ಗಳು ವಾಪಸ್ ಬರೋದೇ ಬೇಡ ಅಂದರು! ಪ್ರತಿಯೊಂದೂ ಮುಂದಿನದನ್ನ ಕರೀತಾ ಹೋಗಲಿ, ಚೀಟಿ ರಾಶಿ ಬೆಳೀತಾ ಹೋಗಲಿ. ಹೊಸ ಡೇಟಾ ಕೂಡ ಆ ರಾಶಿಯಲ್ಲೇ ಹುಟ್ಟಲಿ. ಮೇಜು ತುಂಬುವ ಹೊತ್ತಿಗೆ ಒಂದು ಕ್ಷಣ ನಿಲ್ಲಿಸಿ, ಇನ್ನೂ ಬೇಕಾಗಿರೋದನ್ನ ಮಾತ್ರ ಬೇರೆ ಜಾಗಕ್ಕೆ ಎತ್ತಿಟ್ಟು, ಉಳಿದಿದ್ದನ್ನ ಪೂರ್ತಿ ಗುಡಿಸಿ, ಖಾಲಿ ಮೇಜಿನಿಂದ ಮುಂದುವರಿಯಲಿ. ಬೇಕಾದ್ದನ್ನ ಎತ್ತಿಡೋ ವಿಧಾನ ಸಿ.ಜೆ. ಚೇನಿ 1970ರಲ್ಲಿ ಕೊಟ್ಟಿದ್ದು. ಚಾರ್ಲಿ ಜಾಗಕ್ಕೆ ಚೇನಿ ಬಂದರು, ಪ್ರಬಂಧದ ಶೀರ್ಷಿಕೆಯಲ್ಲೂ ಬಾಸ್ಟನ್ ರೈಲು ಉಳಿಯಿತು.

ಇದು ಕಾಗದದ ಮೇಲಷ್ಟೇ ಉಳಿಯಲಿಲ್ಲ. 2000ನೇ ಇಸವಿಯಲ್ಲಿ ಫೆಲಿಕ್ಸ್ ವಿಂಕೆಲ್‌ಮನ್ ಇದೇ ತಂತ್ರದ ಮೇಲೆ ಚಿಕನ್ ಅನ್ನೋ ಸ್ಕೀಮ್ ಕಂಪೈಲರ್ ಕಟ್ಟಿದರು. ಹೌದು, ಕೋಳಿ. ಅದರ ಲೈಬ್ರರಿಗಳಿಗೆ ಎಗ್ ಅಂತಾರೆ, ಮೊಟ್ಟೆ. ಸ್ಕೀಮ್ ಫೈಲ್ ಕೊಟ್ಟು ಒಂದು ಆಜ್ಞೆ ಟೈಪ್ ಮಾಡಿದರೆ, ಅದು ಸಿ ಆಗಿ, ಸಿ ಮಷೀನ್ ಕೋಡ್ ಆಗಿ, ಕೈಗೆ ಓಡೋ ಫೈಲ್ ಬರುತ್ತೆ.

ಬುತ್ತಿ ಗಂಟು ಬಿಚ್ಚಿ ನೋಡಿದರೆ

ಹಾಗೆ ಬಂದ ಫೈಲ್ ನಿಜವಾಗಲೂ ಸ್ವತಂತ್ರನಾ? ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಚಿಕನ್ ಮಾಮೂಲಿಯಾಗಿ ಕೊಡೋ ಫೈಲ್ ಓಡಬೇಕಾದ್ರೆ ಆ ಕಂಪ್ಯೂಟರ್‌ನಲ್ಲಿ ಚಿಕನ್‌ನ ಲೈಬ್ರರಿಯೂ ಇರಬೇಕು. ರೊಟ್ಟಿ ಕಟ್ಟಿಕೊಂಡು ಬಂದಿದ್ದೀರಿ, ಪಲ್ಯ ಅಲ್ಲೇ ಸಿಗುತ್ತೆ ಅಂತ ನಂಬಿದ್ದೀರಿ. ಅದನ್ನೂ ಒಳಗೇ ಸೇರಿಸು ಅಂತ ಬೇರೆಯಾಗಿ ಹೇಳಬೇಕು, ಅದಕ್ಕೆ ಸ್ಟ್ಯಾಟಿಕ್ ಲಿಂಕಿಂಗ್ ಅಂತ ಹೆಸರು.

ಆ ಲೈಬ್ರರಿಯಲ್ಲಿ ಏನೇನಿರುತ್ತೆ? ಮೊದಲನೆಯದು ಕಸ ಗುಡಿಸುವವರು, ಅಂದ್ರೆ ಗಾರ್ಬೇಜ್ ಕಲೆಕ್ಟರ್. ಸ್ಕೀಮ್‌ನಲ್ಲಿ ಮೆಮೊರಿಯನ್ನ ನೀವು ಕೇಳಿ ಪಡೆಯಲ್ಲ, ವಾಪಸ್ ಕೊಡೋದೂ ಇಲ್ಲ. ಬೇಡವಾಗಿದ್ದನ್ನ ಹುಡುಕಿ ತೆಗೆಯೋ ಕೆಲಸ ಇದರದ್ದು. ಇದಿಲ್ಲದೆ ಯಾವ ಸ್ಕೀಮ್ ಪ್ರೋಗ್ರಾಮೂ ಹೆಚ್ಚು ಹೊತ್ತು ಓಡಲ್ಲ.

ಎರಡನೆಯದು ಇನ್ನೂ ಮಜವಾಗಿದೆ. ಸ್ಕೀಮ್‌ನಲ್ಲಿ "ಇವ್ಯಾಲ್" ಅನ್ನೋ ಸೌಲಭ್ಯ ಇದೆ. ಪ್ರೋಗ್ರಾಮ್ ಓಡ್ತಾ ಇರುವಾಗಲೇ ಹೊಸ ಕೋಡ್ ಕಟ್ಟಿ, ಆಗಲೇ ಓಡಿಸೋದು. ನಿಮ್ಮ ಪ್ರೋಗ್ರಾಮ್ ಇದನ್ನ ಬಳಸಿದರೆ ಆ ಹೊಸ ಕೋಡನ್ನ ಅನುವಾದಿಸೋರು ಯಾರು? ಅನುವಾದಕರು ಮನೇಲೇ ಉಳಿದಿದ್ದಾರಲ್ಲ! ಹಾಗಾಗಿ ಇಂಟರ್‌ಪ್ರಿಟರನ್ನೋ ಕಂಪೈಲರನ್ನೋ ಕೂಡ ಗಂಟಿನೊಳಗೆ ಸೇರಿಸಲೇಬೇಕು. ಬುತ್ತಿಯೊಳಗೆ ಅಡುಗೆಯವರು!

ಆದ್ದರಿಂದ ಸ್ಟ್ಯಾಂಡ್‌ಅಲೋನ್ ಅಂದ್ರೆ ಒಂಟಿ ಅಂತಲ್ಲ. ಬೇಕಾದವರನ್ನೆಲ್ಲಾ ಜೊತೆಗೇ ಕರೆದುಕೊಂಡು ಬಂದಿದೆ, ನಿಮ್ಮ ಹತ್ತಿರ ಏನೂ ಕೇಳಲ್ಲ ಅಂತ ಅರ್ಥ. ಇವತ್ತು ಸ್ಕೀಮ್ ಕುಟುಂಬದ ರ‍್ಯಾಕೆಟ್ ಭಾಷೆಯಲ್ಲಿ ಓಡೋ ಫೈಲ್ ಮಾಡಿದರೂ ಅಷ್ಟೇ: ನಿಮ್ಮ ಕೋಡ್ ಒಂದು ಪಾಲು, ಅದನ್ನ ಓಡಿಸೋ ವ್ಯವಸ್ಥೆ ಇನ್ನೊಂದು ಪಾಲು, ಎರಡನ್ನೂ ಸೇರಿಸಿ ಕಟ್ಟಿದ ಗಂಟು.

ಕಂಪೈಲರ್ ಯಾರ ಕೈಯಲ್ಲಿದೆ?

ಇಲ್ಲಿವರೆಗೂ ತಂತ್ರದ ಮಾತಾಯ್ತು. ಈಗ ಹಕ್ಕಿನ ಮಾತು.

1984ರಲ್ಲಿ ಕೆಂಟ್ ಡಿಬ್ವಿಗ್ ಅನ್ನೋರು ಶೇ ಸ್ಕೀಮ್ ಬರೆಯೋಕೆ ಶುರು ಮಾಡಿದರು, ಮರುವರ್ಷ ಅದು ಹೊರಬಂತು. ಅದು ಸಿ ಹೆದ್ದಾರಿ ಹಿಡಿಯಲಿಲ್ಲ, ನೇರವಾಗಿ ಮಷೀನ್ ಕೋಡನ್ನೇ ಕೊಡುತ್ತಿತ್ತು. ಡಿಬ್ವಿಗ್ ಒಂದು ಕಟ್ಟುನಿಟ್ಟಿನ ಶಿಸ್ತು ಪಾಲಿಸ್ತಿದ್ದರು. ಶೇ ಸ್ಕೀಮ್‌ನ ಕಂಪೈಲರ್ ಬರೆದಿರೋದು ಸ್ಕೀಮ್‌ನಲ್ಲೇ, ಅಂದ್ರೆ ಅದು ತನ್ನನ್ನ ತಾನೇ ಕಂಪೈಲ್ ಮಾಡಿಕೊಳ್ಳುತ್ತೆ. ಕೋಡ್ ವೇಗ ಹೆಚ್ಚಿಸೋ ಹೊಸ ಉಪಾಯ ಸೇರಿಸಿದರೆ ಕಂಪೈಲರ್‌ಗೆ ಕೆಲಸ ಜಾಸ್ತಿ, ಆದರೆ ಅದೇ ಉಪಾಯದಿಂದ ಕಂಪೈಲರ್ ತಾನೂ ವೇಗವಾಗಬೇಕು. ಆ ಲಾಭ ಖರ್ಚನ್ನ ತುಂಬಿಕೊಡದಿದ್ದರೆ ಉಪಾಯಕ್ಕೆ ಗೇಟ್‌ಪಾಸ್. ದುಡಿದು ತಿನ್ನು ಅಂದ ಹಾಗೆ!

ಆದರೆ ಶೇ ಸ್ಕೀಮ್ ಬಹಳ ಕಾಲ ದುಡ್ಡು ಕೊಟ್ಟು ಕೊಳ್ಳಬೇಕಾದ ವಸ್ತುವಾಗಿತ್ತು. ಪುಕ್ಕಟೆ ಸಿಗ್ತಿದ್ದಿದ್ದು ಪೆಟೀಟ್ ಶೇ ಸ್ಕೀಮ್. ಅದರಲ್ಲಿ ಕಂಪೈಲರ್ ಇರಲಿಲ್ಲ, ಇಂಟರ್‌ಪ್ರಿಟರ್ ಇತ್ತು. ಬೇರೆಯವರು ಕಂಪೈಲ್ ಮಾಡಿಕೊಟ್ಟಿದ್ದನ್ನ ಅದು ಓಡಿಸುತ್ತಿತ್ತು. ಅಂದ್ರೆ ಬುತ್ತಿ ಬಿಚ್ಚಿ ಉಣ್ಣೋ ಹಕ್ಕು ಎಲ್ಲರಿಗೂ, ಬುತ್ತಿ ಕಟ್ಟೋ ಅಡುಗೆಮನೆ ಮಾತ್ರ ಕಾಸು ಕೊಟ್ಟವರಿಗೆ. ಇದು ಅನ್ಯಾಯ ಅಂತ ನಾನು ಹೇಳ್ತಿಲ್ಲ. ಆ ಮಾರಾಟದ ದುಡ್ಡಿನಿಂದಲೇ ಅಷ್ಟು ವರ್ಷ ಆ ಕಂಪೈಲರ್ ಬೆಳೆಯಿತು. ಆದರೆ ಕಲಿಯೋ ಹುಡುಗ ಹುಡುಗಿಯರಿಗೆ ಅದರ ಒಳಮನೆ ನೋಡೋಕೆ ಆಗ್ತಿರಲಿಲ್ಲ ಅನ್ನೋದೂ ನಿಜ.

2011ರಲ್ಲಿ ಡಿಬ್ವಿಗ್ ಅವರ ಕಂಪನಿಯನ್ನ ಸಿಸ್ಕೊ ಕೊಂಡುಕೊಂಡಿತು. ದೊಡ್ಡ ಕಂಪನಿ ಕೊಂಡ ಮೇಲೆ ಇಂಥವು ಕಪಾಟು ಸೇರಿ ಮಾಯವಾಗೋದೇ ಜಾಸ್ತಿ. ಇಲ್ಲಿ ಆಗಿದ್ದು ಉಲ್ಟಾ. 2016ರಲ್ಲಿ ಇಡೀ ಶೇ ಸ್ಕೀಮ್ ಓಪನ್ ಸೋರ್ಸ್ ಆಯಿತು. ಮೂರು ದಶಕದ ಅಡುಗೆಮನೆ ಬಾಗಿಲು ತೆರೆಯಿತು. ಮರುವರ್ಷವೇ ರ‍್ಯಾಕೆಟ್ ತಂಡ ತಮ್ಮ ಹಳೆಯ ಅಡಿಪಾಯ ಬಿಟ್ಟು ಶೇ ಮೇಲೆ ಮನೆ ಕಟ್ಟೋ ಕೆಲಸ ಘೋಷಿಸಿತು. 2021ರಲ್ಲಿ ಬಂದ ರ‍್ಯಾಕೆಟ್‌ನ 8.0 ಆವೃತ್ತಿಯಲ್ಲಿ ಅದೇ ಮುಖ್ಯ ಅಡಿಪಾಯ ಆಯಿತು. ರ‍್ಯಾಕೆಟ್‌ನವರು ಮಾಡಿದ ಸುಧಾರಣೆಗಳೆಲ್ಲಾ 2024ರಲ್ಲಿ ಶೇ ಸ್ಕೀಮ್ 10.0 ಮೂಲಕ ಮೂಲಕ್ಕೇ ವಾಪಸ್ ಬಂದವು. ಬಾಗಿಲು ತೆರೆದದ್ದಕ್ಕೆ ಸಿಕ್ಕ ಬಡ್ಡಿ ಅದು.

ನಿಮ್ಮ ಜೇಬಿನೊಳಗಿನ ಪ್ರಶ್ನೆ

ಕೊನೆಗೆ ಫೋನಿಗೆ ಬರೋಣ. 2010ರ ಏಪ್ರಿಲ್‌ನಲ್ಲಿ ಆ್ಯಪಲ್ ಐಫೋನ್ ಡೆವಲಪರ್‌ಗಳ ಒಪ್ಪಂದಕ್ಕೆ ಒಂದು ಹೊಸ ಷರತ್ತು ಸೇರಿಸಿತು. ಆ್ಯಪ್ ಅನ್ನ ಮೂಲದಲ್ಲೇ ಆಬ್ಜೆಕ್ಟಿವ್-ಸಿ, ಸಿ, ಸಿ++ ಅಥವಾ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದಿರಬೇಕು, ನಡುವೆ ಅನುವಾದದ ಪದರ ಇರಕೂಡದು ಅಂತ. ಎಲ್ಲರ ಕಣ್ಣೂ ಅಡೋಬಿಯ ಫ್ಲ್ಯಾಶ್ ಕಡೆಗಿತ್ತು. ಆದರೆ ಆ "ಮೂಲದಲ್ಲೇ" ಅನ್ನೋ ಪದ ಗಮನಿಸಿ. ಸ್ಕೀಮ್‌ನಲ್ಲಿ ಬರೆದು, ಸಿ ಭಾಷೆಗೆ ಅನುವಾದಿಸಿ, ಪಕ್ಕಾ ಮಷೀನ್ ಕೋಡ್ ಮಾಡಿದರೂ ಆ ಷರತ್ತಿನ ಪ್ರಕಾರ ಅದು ಸಲ್ಲದು. ಬುತ್ತಿಯಲ್ಲಿ ಏನಿದೆ ಅಂತಲ್ಲ, ಅದನ್ನ ಯಾವ ಭಾಷೆಯಲ್ಲಿ ಯೋಚಿಸಿ ಅಡುಗೆ ಮಾಡಿದಿರಿ ಅಂತ ಕೇಳಿದ ಹಾಗೆ! ವಿರೋಧ ಬಂತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ಆ ಬಿಗಿಯನ್ನ ಸಡಿಲಿಸಿತು.

ಐದೇ ತಿಂಗಳ ಆ ಘಟನೆ ಒಂದು ವಿಷಯವನ್ನ ಸ್ಪಷ್ಟ ಮಾಡಿತು. ಸ್ಟೀಲ್‌ನಿಂದ ಹಿಡಿದು ವಿಂಕೆಲ್‌ಮನ್‌ವರೆಗೆ ಎಲ್ಲರೂ ಬಿಡಿಸಿದ್ದು ತಾಂತ್ರಿಕ ಗಂಟು: ಪುಟ್ಟ ಭಾಷೆಯಲ್ಲಿ ಬರೆದಿದ್ದು ದೊಡ್ಡ ಭಾಷೆಯಲ್ಲಿ ಬರೆದಿದ್ದರ ಹಾಗೇ ಸ್ವಂತ ಕಾಲ ಮೇಲೆ ಓಡಬಹುದು ಅನ್ನೋದು. ಆದರೆ ಫೈಲ್ ಎಷ್ಟೇ ಸ್ವತಂತ್ರವಾಗಿರಲಿ, ಅದನ್ನ ಒಳಗೆ ಬಿಡೋ ಬಾಗಿಲು ಯಾರದ್ದೋ ಕೈಯಲ್ಲಿದ್ದರೆ ಆ ಸ್ವಾತಂತ್ರ್ಯ ಅರ್ಧವೇ. ನಾವು ಹೆಚ್ಚಿನವರು ಆ್ಯಪ್ ಪಡೆಯೋದು ಸ್ಟೋರ್‌ನಿಂದಲೇ ಅಲ್ವಾ? ಹಾಗಾಗಿ ಇದು ಹಳೇ ಕಾಲದ ಪ್ರಯೋಗಾಲಯದ ಕಥೆ ಮಾತ್ರ ಅಲ್ಲ.

ನಿಮಗೆ ಆಸಕ್ತಿ ಇದ್ದರೆ ಚಿಕನ್, ಗ್ಯಾಂಬಿಟ್, ಶೇ, ರ‍್ಯಾಕೆಟ್ ಎಲ್ಲವೂ ಇವತ್ತು ಪುಕ್ಕಟೆ ಸಿಗುತ್ತವೆ, ಒಳಗಿನ ಕೋಡ್ ಸಮೇತ. ನಾಲ್ಕು ಸಾಲಿನ ಒಂದು ಪ್ರೋಗ್ರಾಮ್ ಬರೆದು, ಕಂಪೈಲ್ ಮಾಡಿ, ಪ್ರೋಗ್ರಾಮಿಂಗ್ ಗಂಧವೇ ಇಲ್ಲದ ಒಬ್ಬರಿಗೆ ಕೊಟ್ಟು ನೋಡಿ. ಅವರ ಕಂಪ್ಯೂಟರ್‌ನಲ್ಲಿ ಓಡಿದರೆ ಸಂತೋಷ. ಓಡದಿದ್ದರೆ ಇನ್ನೂ ಒಳ್ಳೆಯದು, ಬುತ್ತಿಗೆ ಯಾವುದನ್ನ ಹಾಕೋದು ಬಿಟ್ಟುಹೋಯ್ತು ಅಂತ ಹುಡುಕೋಕೆ ಹೊರಡ್ತೀರಿ. ಕಲಿಕೆ ಅಲ್ಲಿಂದಲೇ ಶುರು.